ಸ್ಕ್ವಾಷ್: ತರಕಾರಿಯಾ, ಆಟವಾ, ಶರಬತ್ತಾ? ಮೊದಲು ಬಂದದ್ದು ಯಾವುದು?

ಡೊಂಬಿವಲಿ ಸುಮಾ
ಎಲ್ಲರಿಗೂ ನಮಸ್ಕಾರ. ಮಗಳು ಏಳನೇ ಕ್ಲಾಸು. ಇಂಗ್ಲಿಷ್ ಪ್ರಾಜೆಕ್ಟಿಗೆ ಒಂದೇ ಸ್ಪೆಲ್ಲಿಂಗ್ ಇದ್ದು ಹಲವು ಅರ್ಥ ಇರುವ ಪದ ಆರಿಸಬೇಕಂತೆ. ಅವಳು ಸ್ಕ್ವಾಷ್ ಆರಿಸಿದ್ದಾಳೆ. ತರಕಾರಿ ಇದೆ, ಆಟ ಇದೆ, ಬಾಟಲಿಯ ಶರಬತ್ತು ಇದೆ, ಜಜ್ಜುವುದು ಅನ್ನುವ ಅರ್ಥವೂ ಇದೆ. ಇದರಲ್ಲಿ ಮೂಲ ಯಾವುದು? ಬೇಯಿಸಿದರೆ ಬೇಗ ಮೆತ್ತಗಾಗುತ್ತದೆ, ಅದಕ್ಕೇ ತರಕಾರಿಗೆ ಆ ಹೆಸರು ಅಂತ ನಮ್ಮ ಮನೆಯವರ ವಾದ. ಗೊತ್ತಿರುವವರು ಹೇಳಿ. ಸೋಮವಾರ ಕೊಡಬೇಕು!

ಕಾಂದಿವಲಿ ಶೆಟ್ರು
ನಿಮ್ಮ ಮನೆಯವರು ಹೇಳಿದ್ದೇ ಸರಿ ಇರಬೇಕು ಸುಮಕ್ಕ. ಹೋಟೆಲಿನಲ್ಲಿ ಸಿಹಿಕುಂಬಳದ ಸಾಂಬಾರು ಮಾಡಿದ ದಿನ ಗಿರಾಕಿಗಳು ಹೋಳು ಎಲ್ಲಿ ಅಂತ ಕೇಳುತ್ತಾರೆ. ಹೋಳು ಹಾಕಿದ್ದೇವೆ ಮಾರಾಯ್ರೆ, ಅದು ಕರಗಿ ಹೋಗಿದೆ. ಜಜ್ಜುವ ಕೆಲಸವೇ ಇಲ್ಲ.

ಶ್ರೀಪಾದ ಮಾಸ್ತರ್, ಪುಣೆ
ಶೆಟ್ರೇ, ಸಾಂಬಾರಿನ ವಿಷಯದಲ್ಲಿ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಪದದ ವಿಷಯ ಬೇರೆ.

ಸುಮಾ ಅವರೇ, ಮಗಳು ಒಳ್ಳೆಯ ಪದ ಆರಿಸಿದ್ದಾಳೆ. ಮೊದಲು ಅವಳಿಗೆ ಇದು ಗೊತ್ತಾಗಲಿ. ನೋಡೋಕೆ ಒಂದೇ ಪದ, ಒಳಗೆ ಎರಡು ಬೇರೆ ಬೇರೆ ಪದಗಳು. ಒಂದು ಅಮೆರಿಕದ ಮೂಲನಿವಾಸಿಗಳ ಭಾಷೆಯದು. ಇನ್ನೊಂದು ಲ್ಯಾಟಿನ್ನಿನಿಂದ ಫ್ರೆಂಚ್ ದಾಟಿ ಬಂದದ್ದು. ಇಬ್ಬರಿಗೂ ರಕ್ತಸಂಬಂಧ ಇಲ್ಲ.

ತರಕಾರಿಯ ಸ್ಕ್ವಾಷ್ ನ್ಯಾರಗ್ಯಾನ್ಸೆಟ್ ಜನರದು. ಅವರ ನೆಲ ಇವತ್ತಿನ ಅಮೆರಿಕದ ರೋಡ್ ಐಲ್ಯಾಂಡ್ ರಾಜ್ಯ. ಅವರ ಭಾಷೆ ಅಲ್ಗಾಂಕ್ವಿಯನ್ ಕುಟುಂಬಕ್ಕೆ ಸೇರಿದ್ದು. ಅವರು ಈ ಕಾಯಿಗಳನ್ನು ‘ಅಸ್ಕುಟಸ್ಕ್ವಾಷ್’ ಅನ್ನುತ್ತಿದ್ದರು. ರೋಜರ್ ವಿಲಿಯಮ್ಸ್ ಅನ್ನುವ ಇಂಗ್ಲಿಷ್ ಪಾದ್ರಿ ಅವರ ನಡುವೆ ಓಡಾಡಿ ಅವರ ಭಾಷೆ ಕಲಿತರು. ಆ ಭಾಷೆಯ ಬಗ್ಗೆ ಒಂದು ಪುಸ್ತಕ ಬರೆದರು. ಅದು 1643ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಈ ಪದ ಅದರಲ್ಲಿದೆ. ಇಂಗ್ಲಿಷರು ಇದನ್ನೇ ಸ್ಕ್ವಾಷ್ ಅನ್ನುತ್ತಾರೆ ಅಂತಲೂ ಅವರೇ ಬರೆದಿದ್ದಾರೆ. ಅಂದರೆ ಅಷ್ಟೊತ್ತಿಗಾಗಲೇ ವಲಸೆ ಬಂದವರ ಬಾಯಲ್ಲಿ ತಲೆ ಹೋಗಿ ಬಾಲ ಮಾತ್ರ ಉಳಿದಿತ್ತು.

ಜಜ್ಜುವ ಸ್ಕ್ವಾಷ್ ಹೀಗಲ್ಲ. ಲ್ಯಾಟಿನ್ನಿನಲ್ಲಿ ‘ಕ್ವಾಟೆರೆ’ ಅಂದರೆ ಅಲುಗಾಡಿಸು, ಬಡಿ. ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ‘ಕ್ವಾಸ್ಸಾರೆ’. ಅದಕ್ಕೆ ಮುಂದೆ ‘ಎಕ್ಸ್’ ಸೇರಿ, ಹಳೆಯ ಫ್ರೆಂಚಿನಲ್ಲಿ ‘ಎಸ್ಕ್ವಾಸ್ಸೆ’ ಆಗಿ, ಕೊನೆಗೆ ಇಂಗ್ಲಿಷಿಗೆ ಬಂತು. 16ನೇ ಶತಮಾನದ ಇಂಗ್ಲಿಷಿನಲ್ಲೇ ಇದು ಇದೆ. ಇಂಗ್ಲಿಷರು ಅಮೆರಿಕದಲ್ಲಿ ಊರು ಕಟ್ಟುವ ಮೊದಲೇ ಜಜ್ಜುವ ಸ್ಕ್ವಾಷ್ ಅವರ ಬಾಯಲ್ಲಿತ್ತು. ಬಹುಶಃ ಅದಕ್ಕೇ ಅಷ್ಟು ಉದ್ದದ ಹೊಸ ಪದವನ್ನು ಕತ್ತರಿಸುವಾಗ ಕಿವಿಗೆ ಪರಿಚಯ ಇದ್ದ ತುಂಡನ್ನೇ ಉಳಿಸಿಕೊಂಡರು. ಇದು ನನ್ನ ಊಹೆ, ಮಗಳು ಪ್ರಾಜೆಕ್ಟಿನಲ್ಲಿ ಬರೆಯುವುದು ಬೇಡ.

ಡೊಂಬಿವಲಿ ಸುಮಾ
ಮಾಸ್ತರರೇ, ತುಂಬಾ ಥ್ಯಾಂಕ್ಸ್. ಮನೆಯವರಿಗೆ ತೋರಿಸಿದೆ, ಪೇಪರಿನಿಂದ ತಲೆ ಎತ್ತಲಿಲ್ಲ! ಮಗಳದ್ದು ಇನ್ನೊಂದು ಪ್ರಶ್ನೆ. ಆ ಉದ್ದನೆಯ ಪದಕ್ಕೆ ಅವರ ಭಾಷೆಯಲ್ಲಿ ಅರ್ಥ ಏನು? ಕುಂಬಳಕಾಯಿ ಅಂತಲೇನಾ?

ಶ್ರೀಪಾದ ಮಾಸ್ತರ್, ಪುಣೆ
ಅಲ್ಲ. ಹಸಿಯಾಗಿ ತಿನ್ನಬಹುದಾದ ಹಸಿರು ಕಾಯಿಗಳು ಅಂತ ಅರ್ಥ ಕೊಡುತ್ತಾರೆ. ಹಸಿ ಮತ್ತು ಹಸಿರು ಎರಡೂ ಸೇರಿದ ಅರ್ಥ. ಇಂಗ್ಲಿಷಿನವರಿಗೆ ಇದನ್ನು ವಿವರಿಸೋಕೆ ಒಂದು ಸಾಲು ಬೇಕು. ನಮಗೆ ಬೇಡ. ಕನ್ನಡದಲ್ಲಿ ಹಸಿ, ಹಸಿರು ಒಂದೇ ಬೇರಿನವು.

ಇನ್ನೊಂದು ತಮಾಷೆ. ಕೊನೆಯಲ್ಲಿರುವ ‘ಅಷ್’ ಅವರ ಭಾಷೆಯ ಬಹುವಚನ. ಜೀವ ಇಲ್ಲದ ವಸ್ತುಗಳಿಗೆ ಹಚ್ಚುವ ‘ಗಳು’ ಅದು. ಹಾಗಾಗಿ ಸ್ಕ್ವಾಷ್ ಅಂದಾಗಲೇ ಅದು ಕಾಯಿಗಳು. ಇಂಗ್ಲಿಷರು ಅದರ ಮೇಲೆ ತಮ್ಮ ಬಹುವಚನ ಬೇರೆ ಹಚ್ಚಿ ‘ಸ್ಕ್ವಾಷಸ್’ ಮಾಡಿದರು. ನಾವು ‘ಟೀಚರ್ಸ್‌ಗಳು’, ‘ಲೇಡೀಸ್‌ಗಳು’ ಅನ್ನುತ್ತೇವಲ್ಲ, ಹಾಗೆ. ಮೆಕ್ಕೆಜೋಳ, ಬೀನ್ಸ್ ಸೇರಿಸಿ ಮಾಡುವ ‘ಸಕಟಾಷ್’ ಅಂತ ಒಂದು ಅಮೆರಿಕನ್ ಅಡುಗೆ ಇದೆ. ಆ ಹೆಸರೂ ಇದೇ ಜನರದು, ಬಾಲವೂ ಅದೇ.

ವಿಮಲಾ ಪೈ, ಮಾಟುಂಗಾ
ಮಾಸ್ತರರೇ, ಒಂದು ಆಕ್ಷೇಪ ಇದೆ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದವಳು, ಸುಮ್ನೆ ಬಿಡೋಕೆ ಆಗಲ್ಲ. ನೀವು ತರಕಾರಿಯ ಸ್ಕ್ವಾಷ್ 1643ರ ಹೊತ್ತಿನದು ಅಂತೀರಿ. ಶೇಕ್ಸ್‌ಪಿಯರ್ ತೀರಿಕೊಂಡದ್ದು 1616ರಲ್ಲಿ. ಅವನ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲೇ ಸ್ಕ್ವಾಷ್ ಇದೆ. ಗಂಡಸೂ ಅಲ್ಲದ, ಹುಡುಗನೂ ಅಲ್ಲದ ವಯಸ್ಸಿನವನನ್ನು ವರ್ಣಿಸುವಾಗ ಬರುತ್ತದೆ. ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ನಲ್ಲಂತೂ ಒಬ್ಬ ಪುಟಾಣಿ ಯಕ್ಷನ ತಾಯಿಯ ಹೆಸರೇ ಸ್ಕ್ವಾಷ್. ಅದೂ ತರಕಾರಿಯೇ ಅಲ್ವಾ?

ಶ್ರೀಪಾದ ಮಾಸ್ತರ್, ಪುಣೆ
ವಿಮಲಕ್ಕ, ಅಪ್ಪಟ ಪ್ರಶ್ನೆ. ಅದು ತರಕಾರಿ ಹೌದು, ಕುಂಬಳದ ಜಾತಿ ಅಲ್ಲ. ಅಲ್ಲಿ ಸ್ಕ್ವಾಷ್ ಅಂದರೆ ಇನ್ನೂ ಬಲಿಯದ ಬಟಾಣಿ ಸಿಪ್ಪೆಕಾಯಿ. ಒಳಗೆ ಕಾಳು ಕೂತಿಲ್ಲ, ಒತ್ತಿದರೆ ಅಮುಕಿ ಹೋಗುತ್ತದೆ. ಅದಕ್ಕೇ ಆ ಸಾಲಿನಲ್ಲಿ ಕಾಳು ತುಂಬಿದ ಬಟಾಣಿಯ ಮಾತೂ ಪಕ್ಕದಲ್ಲೇ ಬರುತ್ತದೆ. ಆ ಯಕ್ಷನ ಅಪ್ಪನ ಹೆಸರೂ ಬಲಿತ ಬಟಾಣಿಕಾಯಿಯೇ. ಹಾಗಾಗಿ ಅದನ್ನು ಜಜ್ಜುವ ಸ್ಕ್ವಾಷ್ ಕಡೆಗೇ ಸೇರಿಸುತ್ತಾರೆ. ಈಗ ಆ ಅರ್ಥ ಬಳಕೆಯಲ್ಲಿ ಇಲ್ಲ.

ಸುಮಾ ಅವರೇ, ಮಗಳಿಗೆ ಇದನ್ನು ಖಂಡಿತ ಹೇಳಿ. ಟೀಚರ್ ಕೇಳಿದರೆ ಹುಡುಗಿ ಗೆದ್ದಳು.

ಬಾಂದ್ರಾ ನಿಖಿಲ್
ಆಟದ ಬಗ್ಗೆ ನಾನು ಹೇಳುತ್ತೇನೆ. ಆಟದ ಸ್ಕ್ವಾಷ್ ಜಜ್ಜುವ ಸ್ಕ್ವಾಷಿನ ಮಗ. ಪೂರ್ತಿ ಹೆಸರು ಸ್ಕ್ವಾಷ್ ರ‍್ಯಾಕೆಟ್ಸ್.

ಅದಕ್ಕೂ ಮೊದಲು ಬರೀ ರ‍್ಯಾಕೆಟ್ಸ್ ಅಂತ ಒಂದು ಆಟ ಇತ್ತು. ಗೋಡೆಗೆ ಗಟ್ಟಿ ಚೆಂಡು ಹೊಡೆಯುವುದು. ಅದು ಬೆಳೆದದ್ದು ಎಲ್ಲಿ ಗೊತ್ತಾ? ಲಂಡನ್ನಿನ ಫ್ಲೀಟ್ ಜೈಲಿನಲ್ಲಿ. ಸಾಲ ತೀರಿಸದವರನ್ನು ಕೂಡಿಹಾಕುವ ಜೈಲು ಅದು. ಅಂಗಳ ಇತ್ತು, ಎತ್ತರದ ಗೋಡೆ ಇತ್ತು, ಹೊತ್ತು ಹೋಗಬೇಕಿತ್ತು. ಅಲ್ಲಿಂದ ಆಟ ಹ್ಯಾರೋ ಅನ್ನುವ ದೊಡ್ಡ ಮನೆತನದ ಹುಡುಗರ ಶಾಲೆಗೆ ಹೋಯಿತು. ಸುಮಾರು 1830ರಲ್ಲಿ ಆ ಹುಡುಗರು ತೂತಾದ ರಬ್ಬರ್ ಚೆಂಡಿನಲ್ಲಿ ಆಡೋಕೆ ಶುರು ಮಾಡಿದರು. ಚೆಂಡು ಗೋಡೆಗೆ ಬಡಿದಾಗ ಅಮುಕಿ ಹೋಗುತ್ತಿತ್ತು, ಗಟ್ಟಿ ಚೆಂಡಿನಷ್ಟು ವೇಗದಲ್ಲಿ ವಾಪಸ್ ಬರುತ್ತಿರಲಿಲ್ಲ. ಜಾಸ್ತಿ ಓಡಬೇಕು, ಬೇರೆ ಬೇರೆ ಥರ ಹೊಡೆಯಬಹುದು. ಹೆಸರು ಆ ಅಮುಕುವ ಚೆಂಡಿನಿಂದಲೇ ಬಂತು. 1864ರಲ್ಲಿ ಹ್ಯಾರೋದಲ್ಲೇ ಈ ಆಟಕ್ಕೆ ಅಂತ ನಾಲ್ಕು ಕೋರ್ಟ್ ಕಟ್ಟಿದರು.

ಈಗಿನ ಚೆಂಡೂ ಅದೇ ಸ್ವಭಾವದ್ದು. ಎರಡು ಹಳದಿ ಚುಕ್ಕಿ ಇರುವ ಚೆಂಡನ್ನು ತಣ್ಣಗಿರುವಾಗ ಕೆಳಗೆ ಬಿಡಿ, ಪುಟಿಯುವುದೇ ಇಲ್ಲ. ನೆಲಕ್ಕೆ ಬಿದ್ದು ಸುಮ್ಮನೆ ಕೂರುತ್ತದೆ. ಹೊಸಬರು ಚೆಂಡು ಹಾಳಾಗಿದೆ ಅಂತ ಅಂಗಡಿಗೆ ವಾಪಸ್ ಕೊಡೋಕೆ ಹೋಗುತ್ತಾರೆ! ಹೊಡೆದು ಹೊಡೆದು ಬಿಸಿ ಮಾಡಿದ ಮೇಲೆ ಒಳಗಿನ ಗಾಳಿಯ ಒತ್ತಡ ಏರುತ್ತದೆ, ರಬ್ಬರ್ ಚುರುಕಾಗುತ್ತದೆ. ಆಗ ಆಟ. ಕೋರ್ಟ್ 9.75 ಮೀಟರ್ ಉದ್ದ, 6.4 ಮೀಟರ್ ಅಗಲ. ಮುಂಬೈಯ ಎಷ್ಟೋ ಫ್ಲ್ಯಾಟುಗಳು ಅದಕ್ಕಿಂತ ಚಿಕ್ಕವು.

ನಮ್ಮೂರಿಗೆ ಹೆಮ್ಮೆಯ ವಿಷಯವೂ ಇದೆ. 2023ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ಮುಂಬೈಯಲ್ಲೇ ನಡೆಯಿತು. ಸ್ಕ್ವಾಷನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ ಸೇರಿಸುವ ನಿರ್ಧಾರ ಆದದ್ದು ಇಲ್ಲಿ. ಅದೇ ದಿನ ಕ್ರಿಕೆಟ್ಟೂ ಸೇರಿತು. ಪೇಪರಿನವರೆಲ್ಲ ಕ್ರಿಕೆಟ್ ಹಿಂದೆ ಓಡಿದರು, ನಮ್ಮ ಆಟಕ್ಕೆ ಮೂಲೆಯಲ್ಲಿ ಒಂದು ಸಾಲು.

ಖಡ್ಕಿ ಕಾವೇರಪ್ಪ
ನಿಖಿಲ್, ಚೆನ್ನಾಗಿ ಹೇಳಿದೆ. ನಮ್ಮ ಕೊಡವ ಹುಡುಗಿ ಜೋಷ್ನಾ ಚಿಣ್ಣಪ್ಪ ಅವರ ಹೆಸರು ಬಿಟ್ಟರೆ ಹೇಗಪ್ಪಾ? ಬೆಳೆದದ್ದು ಚೆನ್ನೈ. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ದೀಪಿಕಾ ಪಳ್ಳಿಕಲ್ ಜೊತೆ ಡಬಲ್ಸ್ ಚಿನ್ನ ಗೆದ್ದರು. ಆ ಕೂಟದ ಸ್ಕ್ವಾಷಿನಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು.

ಇನ್ನೊಂದು ಸ್ಕ್ವಾಷ್ ನಿಮ್ಮ ಪಟ್ಟಿಯಲ್ಲಿ ಇಲ್ಲ. ನಾನು ಸೈನ್ಯದಲ್ಲಿದ್ದಾಗ ಡಾರ್ಜಿಲಿಂಗ್ ಕಡೆ ಇದ್ದೆ. ಅಲ್ಲಿ ‘ಇಸ್ಕುಸ್’ ಅಂತ ಒಂದು ಕಾಯಿ ಇಲ್ಲದ ಊಟವೇ ಇಲ್ಲ. ಕಾಯಿ, ಕುಡಿ, ಬೇರಿನ ಗೆಡ್ಡೆ ಎಲ್ಲ ತಿನ್ನುತ್ತಾರೆ. ನೋಡಿದರೆ ನಮ್ಮ ಸೀಮೆಬದನೆ! ಸ್ಕ್ವಾಷ್ ಅನ್ನುವುದೇ ನೇಪಾಳಿ ಬಾಯಲ್ಲಿ ಇಸ್ಕುಸ್ ಆಗಿದೆ. ಮಾಟುಂಗಾ ಮಾರ್ಕೆಟಿನಲ್ಲಿ ಇದನ್ನೇ ಚೌಚೌ ಅಂತ ಕೊಡುತ್ತಾರೆ.

ಶ್ರೀಪಾದ ಮಾಸ್ತರ್, ಪುಣೆ
ಕಾವೇರಪ್ಪನವರೇ, ಒಳ್ಳೆಯ ಸೇರ್ಪಡೆ. ಸೀಮೆಬದನೆಯೂ ಅಮೆರಿಕ ಖಂಡದ್ದೇ, ಮೆಕ್ಸಿಕೋ ಕಡೆಯದು. ಆದರೆ ಕುಂಬಳದ ಹತ್ತಿರದ ನೆಂಟ ಮಾತ್ರ, ಅದೇ ಗುಂಪು ಅಲ್ಲ. ನ್ಯಾರಗ್ಯಾನ್ಸೆಟ್ ಜನರ ಪದ ಇಂಗ್ಲಿಷರ ಜೊತೆ ಹಡಗು ಹತ್ತಿ, ಹಿಮಾಲಯದ ಬೆಟ್ಟದಲ್ಲಿ ಮೆಕ್ಸಿಕೋದ ಕಾಯಿಯ ಮೇಲೆ ಕೂತಿದೆ. ನಮ್ಮವರು ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಲಿಲ್ಲ. ಹೊರಗಿನಿಂದ ಬಂದದ್ದಕ್ಕೆ ‘ಸೀಮೆ’ ಹಚ್ಚಿದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ.

ಕಾಂದಿವಲಿ ಶೆಟ್ರು
ಆಟ ಆಯಿತು, ತರಕಾರಿ ಆಯಿತು. ಬಾಟಲಿಯ ಸ್ಕ್ವಾಷ್? ಹಿಂದೆ ಮದುವೆ ಮನೆಯಲ್ಲಿ ಕಿತ್ತಳೆ ಸ್ಕ್ವಾಷ್ ಕೊಟ್ಟರೆ ಅದೇ ದೊಡ್ಡಸ್ತಿಕೆ. ಈಗ ಪುಣೆ ಕಡೆಯಿಂದ ಬರುವವರೆಲ್ಲ ಪಂಚಗಣಿಯ ಸ್ಟ್ರಾಬೆರಿ ಕ್ರಷ್ ತರುತ್ತಾರೆ. ಸ್ಕ್ವಾಷ್ ಬೇರೆ, ಕ್ರಷ್ ಬೇರೆ, ಸಿರಪ್ ಬೇರೆ. ನನಗಂತೂ ಎಲ್ಲ ಸಕ್ಕರೆ ನೀರೇ.

ಡಾ. ಶೈಲಜಾ, ಔಂಧ್
ಶೆಟ್ರೇ, ನಾನು ಆಹಾರ ತಂತ್ರಜ್ಞಾನ ಓದಿದವಳು, ಕಾನೂನಿನ ಪ್ರಕಾರ ಅವು ಬೇರೆಯೇ. 1955ರ ಹಣ್ಣು ಉತ್ಪನ್ನಗಳ ಆದೇಶದ ಕಾಲದಿಂದ ಇರುವ ಅಳತೆ ಇದು. ಸ್ಕ್ವಾಷಿನಲ್ಲಿ ಹಣ್ಣಿನ ರಸ ಕಡಿಮೆ ಅಂದರೂ ನೂರಕ್ಕೆ 25 ಇರಬೇಕು. ಸಕ್ಕರೆ ಮೊದಲಾಗಿ ಕರಗಿರುವ ಅಂಶ ಕಡಿಮೆ ಅಂದರೂ 40. ಕ್ರಷಿನಲ್ಲೂ ರಸ 25, ಕರಗಿದ ಅಂಶ ಮಾತ್ರ 55. ಸಿರಪ್ ಆದರೆ 65. ಅಂದರೆ ನಿಮ್ಮ ಸಕ್ಕರೆ ನೀರಿನ ಮಾತು ಪೂರ್ತಿ ಸುಳ್ಳಲ್ಲ. ವ್ಯತ್ಯಾಸ ಇರುವುದೇ ಸಕ್ಕರೆಯಲ್ಲಿ! ತಿರುಳು ಸೋಸಿ ತಿಳಿ ಮಾಡಿದರೆ ಅದು ಕಾರ್ಡಿಯಲ್. ನಿಂಬೆಯದ್ದು ನೋಡಿರುತ್ತೀರಿ.

ಹೆಸರು ಬಂದದ್ದು ಹಣ್ಣನ್ನು ಹಿಂಡುವುದರಿಂದ. 19ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಲೆಮನ್ ಸ್ಕ್ವಾಷ್ ಅನ್ನೋದು ಮಾಮೂಲಿ ಪಾನೀಯ. ಹಾಗಾಗಿ ಇದೂ ಮಾಸ್ತರರು ಹೇಳಿದ ಲ್ಯಾಟಿನ್ ಮನೆಯದೇ. ಕ್ರಷ್ ಅನ್ನುವುದಕ್ಕೂ ಜಜ್ಜು ಅಂತಲೇ ಅರ್ಥ. ಒಂದೇ ಅರ್ಥದ ಎರಡು ಪದಕ್ಕೆ ಸರ್ಕಾರ ಎರಡು ಸಕ್ಕರೆ ಅಳತೆ ಕೊಟ್ಟಿದೆ, ಅಷ್ಟೇ.

ಮನೆಯಲ್ಲಿ ಮಾಡುವವರಿಗೆ ಒಂದು ಮಾತು. ನಿಂಬೆ, ಕಿತ್ತಳೆ, ಮಾವಿನ ಸ್ಕ್ವಾಷ್ ಕೆಡದಿರಲಿ ಅಂತ ಕೆಎಮ್‌ಎಸ್ ಹಾಕುತ್ತಾರೆ, ಅಂದರೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್. ಅದನ್ನು ಕೋಕಂ ಅಥವಾ ನೇರಳೆ ರಸಕ್ಕೆ ಹಾಕಬೇಡಿ. ಅದರಿಂದ ಬಿಡುಗಡೆಯಾಗುವ ಗಂಧಕದ ಡೈಆಕ್ಸೈಡ್ ಆ ಕೆಂಪು ಬಣ್ಣವನ್ನು ತಿಂದುಹಾಕುತ್ತದೆ. ಅಷ್ಟು ಚೆಂದದ ಬಣ್ಣ ಪೇಲವ ಆಗುತ್ತದೆ. ಅಂಥದ್ದಕ್ಕೆ ಸೋಡಿಯಂ ಬೆಂಜೊಯೇಟ್ ಹಾಕುತ್ತಾರೆ. ಎರಡನ್ನೂ ಕಣ್ಣಳತೆಯಲ್ಲಿ ಹಾಕುವ ಹಾಗಿಲ್ಲ, ತೂಗಿಯೇ ಹಾಕಬೇಕು.

ವಾಸ್ಕೋ ರೇಣುಕಾ
ಶೈಲಜಾ ಮೇಡಂ, ಇಲ್ಲಿ ಗೋವಾದಲ್ಲಿ ಕೋಕಮ್ಮಿಗೆ ಬರೀ ಉಪ್ಪು ಸಾಕು. ಉಪ್ಪು ಹಾಕಿದ ಗಟ್ಟಿ ರಸವನ್ನು ‘ಆಗಳ್’ ಅಂತಾರೆ, ಬಾಟಲಿಯಲ್ಲಿ ತುಂಬಿಟ್ಟು ತೆಂಗಿನ ಹಾಲಿನ ಸೋಲ್‌ಕಢಿಗೆ ಹಾಕುತ್ತಾರೆ. ನಮ್ಮ ಶಿರಸಿ ಕಡೆಯ ಮುರುಗಲು, ಶೆಟ್ರ ಊರಿನ ಪುನರ್ಪುಳಿ, ಎಲ್ಲ ಅದೇ.

ನನಗೆ ಕುಂಬಳದ ಹೆಸರಿನ ಬಗ್ಗೆ ಹೇಳಬೇಕು. ಮುಂಬೈಯಲ್ಲಿ ದುಧಿ ಅಂದರೆ ಸೋರೆಕಾಯಿ. ಮದುವೆಯಾಗಿ ಗೋವಾಕ್ಕೆ ಬಂದೆ. ಇಲ್ಲಿ ದುದಿ ಅಂದರೆ ಕೆಂಪು ತಿರುಳಿನ ಸಿಹಿಕುಂಬಳ! ಸೋರೆಕಾಯಿ ಬೇಕಾದರೆ ‘ಕೊಂಕಣ ದುದಿ’ ಅನ್ನಬೇಕು. ಮಾಪುಸಾದ ಶುಕ್ರವಾರದ ಸಂತೆಗೆ ಹೋದರೆ ನಾನು ಈಗಲೂ ಕೈ ತೋರಿಸಿಯೇ ಕೊಳ್ಳುವುದು. ಒಂದು ಪದಕ್ಕೆ ಹಲವು ಅರ್ಥ ಅಂತ ಇಂಗ್ಲಿಷಿನವರನ್ನು ಯಾಕೆ ಹಿಡಿಯಬೇಕು, ಮುಂಬೈಯಿಂದ ಮಡಗಾಂವಿಗೆ ರೈಲು ಹತ್ತಿದರೆ ಸಾಕು.

ವಿಮಲಾ ಪೈ, ಮಾಟುಂಗಾ
ರೇಣುಕಾ, ನಮ್ಮ ಮನೆಯ ಕೊಂಕಣಿಯಲ್ಲೂ ದುದ್ದಿ ಅಂದರೆ ಸಿಹಿಕುಂಬಳವೇ. ಮರಾಠಿಯಲ್ಲಿ ಅದು ಲಾಲ್ ಭೋಪಳಾ, ಸೋರೆಕಾಯಿ ದುಧಿ ಭೋಪಳಾ, ಬೂದುಗುಂಬಳ ಕೋಹಳಾ. ಆ ಕೋಹಳಾ ಸಂಸ್ಕೃತದ ಕೂಷ್ಮಾಂಡದಿಂದ ಬಂದದ್ದು.

ಇದರಲ್ಲಿ ಒಂದು ಸಂಗತಿ ಅಡಗಿದೆ. ಸೋರೆಕಾಯಿ, ಬೂದುಗುಂಬಳ ನಮ್ಮ ಕಡೆ ಬಹಳ ಹಿಂದಿನಿಂದ ಇವೆ. ಸಿಹಿಕುಂಬಳ ಅಮೆರಿಕದ್ದು. ಕೊಲಂಬಸ್ ಹೋಗಿ ಬಂದ ಮೇಲೆ ಹಡಗಿನಲ್ಲಿ ಬಂದ ಬೆಳೆ. ಮೆಣಸಿನಕಾಯಿ, ಟೊಮೇಟೊ, ಅನಾನಸ್ ಹಾಗೆಯೇ ಬಂದವು. ಅನಾನಸ್ ತನ್ನ ಅಮೆರಿಕದ ಹೆಸರನ್ನು ಜೊತೆಗೇ ತಂದಿತು. ಕುಂಬಳ ತರಲಿಲ್ಲ. ಇಲ್ಲಿ ಅದರ ಥರದ ಕಾಯಿಗಳು ಮೊದಲೇ ಇದ್ದವಲ್ಲ, ಅವುಗಳ ಹೆಸರನ್ನೇ ಜನ ಇದಕ್ಕೂ ಕೊಟ್ಟರು. ಅದಕ್ಕೇ ಊರಿಗೊಂದು ಹೆಸರು, ಊರಿಗೊಂದು ಗೊಂದಲ.

‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಅನ್ನುವ ಗಾದೆ ನೋಡಿ. ಅದು ಬೂದುಗುಂಬಳದ್ದೇ ಆಗಿರಬೇಕು. ಹೆಗಲ ಮೇಲೆ ಹೊತ್ತರೆ ಬಿಳಿ ಬೂದಿ ಅಂಟುವುದು ಅದೊಂದರಿಂದಲೇ. ಸಿಹಿಕುಂಬಳ ಕದ್ದವನು ಹೆಗಲು ಯಾಕೆ ಮುಟ್ಟಿಕೊಳ್ಳುತ್ತಾನೆ?

ಕಾಂದಿವಲಿ ಶೆಟ್ರು
ಆಹಾ ವಿಮಲಕ್ಕ! ಹಾಗಾದರೆ ಆಯುಧಪೂಜೆಗೆ ನಾವು ಹೋಟೆಲಿನ ಬಾಗಿಲಲ್ಲಿ ಕುಂಕುಮ ತುಂಬಿ ಒಡೆಯುತ್ತೇವಲ್ಲ, ಅದು ಸ್ಕ್ವಾಷ್ ಅಲ್ಲವಾ? ನಾನು ಸ್ಕ್ವಾಷನ್ನೇ ಸ್ಕ್ವಾಷ್ ಮಾಡುತ್ತೇವೆ ಅಂತ ಬರೆಯೋಕೆ ಹೊರಟಿದ್ದೆ.

ವಿಮಲಾ ಪೈ, ಮಾಟುಂಗಾ
ಬೂದುಗುಂಬಳ ಒಡೆದರೆ ಅಲ್ಲ. ಒಡೆದದ್ದು ರಸ್ತೆ ಮೇಲೆ ಬಿಡಬೇಡಿ, ಬೈಕಿನವರು ಜಾರುತ್ತಾರೆ.

ವಕೀಲ ಪ್ರಸಾದ್, ಫೋರ್ಟ್
ಕೋರ್ಟಿನ ಕಡೆಯಿಂದ ಒಂದು ಅರ್ಜಿ. ಹೈಕೋರ್ಟಿನಲ್ಲಿ ಎಫ್‌ಐಆರ್ ಕ್ವಾಷ್ ಮಾಡಿಸುವುದು ನಮ್ಮ ದಿನನಿತ್ಯದ ಕೆಲಸ. ಮೊದಲು ಸಿಆರ್‌ಪಿಸಿ, ಅಂದರೆ ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ 482ನೇ ಕಲಮು. 2024ರ ಜುಲೈ 1ರಿಂದ ಹೊಸ ಸಂಹಿತೆಯ 528ನೇ ಕಲಮು. ಕನ್ನಡ ಪೇಪರಿನಲ್ಲಿ ‘ಎಫ್‌ಐಆರ್ ರದ್ದು’ ಅಂತ ಬರುತ್ತದೆ. ಟೈಪಿಂಗ್ ಮಾಡುವ ಹುಡುಗರು ಆಗಾಗ ಮುಂದೆ ಒಂದು ‘ಎಸ್’ ಸೇರಿಸಿಬಿಡುತ್ತಾರೆ. ಎಫ್‌ಐಆರ್ ಸ್ಕ್ವಾಷ್ ಮಾಡಿ ಅಂತ ನ್ಯಾಯಾಧೀಶರನ್ನು ಕೇಳಿಕೊಂಡ ಹಾಗೆ. ಈ ಕ್ವಾಷಿಗೂ ಆ ಸ್ಕ್ವಾಷಿಗೂ ಸಂಬಂಧ ಇದೆಯಾ ಮಾಸ್ತರರೇ?

ಶ್ರೀಪಾದ ಮಾಸ್ತರ್, ಪುಣೆ
ಅರ್ಧ ಸಂಬಂಧ. ಲ್ಯಾಟಿನ್ನಿನಲ್ಲಿ ಎರಡು ಪದ ಇದ್ದವು. ‘ಕ್ವಾಸ್ಸಾರೆ’ ಅಂದರೆ ಅಲುಗಾಡಿಸಿ ಒಡೆ. ‘ಕಾಸ್ಸಾರೆ’ ಅಂದರೆ ಅಸಿಂಧು ಮಾಡು, ಬರಿದು ಮಾಡು. ಫ್ರೆಂಚರ ಬಾಯಲ್ಲಿ ಎರಡೂ ಒಂದರೊಳಗೊಂದು ಬೆರೆತವು. ನಿಮ್ಮ ಕೋರ್ಟಿನ ಕ್ವಾಷ್ ಅರ್ಥ ತಂದದ್ದು ಎರಡನೆಯದರಿಂದ, ರೂಪ ಮೊದಲನೆಯದರ ಹಾಗೆ. ಗಾಳಿಸುದ್ದಿಯನ್ನು ‘ಸ್ಕ್ವಾಷ್’ ಮಾಡಿದರು ಅಂತಲೂ ಇಂಗ್ಲಿಷಿನಲ್ಲಿ ಅನ್ನುತ್ತಾರೆ. ಅಲ್ಲಿ ಗೆರೆ ಇನ್ನೂ ತೆಳು.

ಹಿಂಜವಡಿ ಪವನ್
ಐಟಿಯವರನ್ನು ಮರೆತಿರಿ. ನಮಗೆ ಸ್ಕ್ವಾಷ್ ಅಂದರೆ ಇದ್ಯಾವುದೂ ಅಲ್ಲ. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಅನ್ನುವ ಸಾಫ್ಟ್‌ವೇರಿನಲ್ಲಿ ಕೋಡ್ ಬದಲಾಯಿಸಿದಾಗಲೆಲ್ಲ ಒಂದು ಕಮಿಟ್, ಅಂದರೆ ಒಂದು ದಾಖಲೆ ಆಗುತ್ತದೆ. ‘ಸರಿ ಮಾಡಿದೆ’, ‘ಮತ್ತೆ ಸರಿ ಮಾಡಿದೆ’, ‘ಈಗ ಖಂಡಿತ ಸರಿ’ ಅಂತ ಹತ್ತಾರು ಕಮಿಟ್. ತಂಡದವರಿಗೆ ತೋರಿಸುವ ಮೊದಲು ಅವನ್ನೆಲ್ಲ ಒತ್ತಿ ಒಂದೇ ಕಮಿಟ್ ಮಾಡುವುದೇ ಸ್ಕ್ವಾಷ್. ಅದರ ತಮ್ಮ ‘ಫಿಕ್ಸಪ್’. ಸ್ಕ್ವಾಷ್ ಮಾಡಿದರೆ ಹಳೆಯ ಟಿಪ್ಪಣಿಗಳನ್ನು ಸೇರಿಸಿಕೊಳ್ಳಬಹುದು, ಫಿಕ್ಸಪ್ ಮಾಡಿದರೆ ಆ ಟಿಪ್ಪಣಿ ಮಾಯ. ನಮ್ಮ ಟೀಮಿನಲ್ಲಿ ಒಬ್ಬರು ಎಲ್ಲವನ್ನೂ ಸ್ಕ್ವಾಷ್ ಮಾಡಿಯೇ ಕೊಡಿ ಅಂತಾರೆ, ಇನ್ನೊಬ್ಬರು ಇತಿಹಾಸ ಅಳಿಸಬೇಡಿ ಅಂತಾರೆ. ಈ ಜಗಳ ಅತ್ತೆ ಸೊಸೆ ಜಗಳಕ್ಕಿಂತ ದೊಡ್ಡದು.

ಡೊಂಬಿವಲಿ ಸುಮಾ
ಪವನ್, ಹತ್ತು ಕಮಿಟ್ ಒತ್ತುವುದು ಏನು ಮಹಾ? ಬೆಳಿಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿಯಿಂದ ಫಾಸ್ಟ್ ಲೋಕಲ್ ಹತ್ತಿ ನೋಡಿ.

ವಿಮಲಾ ಪೈ, ಮಾಟುಂಗಾ
ಸುಮಾ, ನಗಬೇಡ, ಅದೂ ನಿಘಂಟಿನಲ್ಲಿ ಇದೆ! ಇಕ್ಕಟ್ಟಿನಲ್ಲಿ ಜನ ತುಂಬಿಕೊಂಡಿದ್ದರೆ ಇಂಗ್ಲಿಷರು ಅದಕ್ಕೂ ಸ್ಕ್ವಾಷ್ ಅನ್ನುತ್ತಾರೆ. ಮಗಳು ಇದನ್ನು ಲೋಕಲ್ ಟ್ರೇನಿನ ಚಿತ್ರ ಹಾಕಿ ಬರೆಯಲಿ.

ಅಣುಶಕ್ತಿ ನಗರದ ರಾಯರು
ಇಷ್ಟೊತ್ತು ಸುಮ್ನೆ ಓದುತ್ತಿದ್ದೆ. ತರಕಾರಿಯ ಸ್ಕ್ವಾಷೂ ಆಟದ ಸ್ಕ್ವಾಷೂ ಡಿಕ್ಕಿ ಹೊಡೆದ ಒಂದು ಪ್ರಸಂಗ ಇದೆ. ನಮ್ಮ ಕ್ಷೇತ್ರದವರೆಲ್ಲ ಒಂದಲ್ಲ ಒಂದು ಸಲ ಕೇಳಿರುತ್ತಾರೆ.

1942ರ ಡಿಸೆಂಬರ್ 2. ಜಗತ್ತಿನ ಮೊದಲ ಅಣು ರಿಯಾಕ್ಟರ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಚಾಲೂ ಆಯಿತು. ಎನ್ರಿಕೊ ಫರ್ಮಿ ಅದರ ಮುಖ್ಯಸ್ಥರು. ಪ್ರಯೋಗಾಲಯ ಅಂದರೆ ದೊಡ್ಡ ಕಟ್ಟಡ ಏನಲ್ಲ. ಪಾಳುಬಿದ್ದ ಫುಟ್ಬಾಲ್ ಮೈದಾನದ ಗ್ಯಾಲರಿಯ ಕೆಳಗಿದ್ದ ಸ್ಕ್ವಾಷ್ ಕೋರ್ಟು. ಅದನ್ನು ಕಟ್ಟಿದ್ದು ನಿಖಿಲ್ ಹೇಳಿದ ಹಳೆಯ ರ‍್ಯಾಕೆಟ್ಸ್ ಆಟಕ್ಕೆ ಅಂತ ವಾದಿಸುವವರೂ ಇದ್ದಾರೆ. ಗ್ರಾಫೈಟ್ ಇಟ್ಟಿಗೆ ಪೇರಿಸಿ, ನಡುನಡುವೆ ಯುರೇನಿಯಂ ಇಟ್ಟು, ಸರಪಳಿ ಕ್ರಿಯೆ ತಾನಾಗಿ ನಡೆಯುವ ಹಾಗೆ ಮಾಡಿದರು. ಆ ದಿನ ಹುಟ್ಟಿದ ಶಕ್ತಿ ಸುಮಾರು ಅರ್ಧ ವ್ಯಾಟ್. ಒಂದು ಸಣ್ಣ ಟಾರ್ಚ್ ಬಲ್ಬಿಗೆ ಆಗುವಷ್ಟು.

ಯುದ್ಧದ ಕಾಲ, ಎಲ್ಲ ಗುಟ್ಟು. ಆದರೂ ಸೋವಿಯತ್ ಗೂಢಚಾರರಿಗೆ ಸುದ್ದಿ ಹೋಯಿತು. ರಷ್ಯನ್ನಿಗೆ ಅನುವಾದ ಮಾಡಿದವರು ಸ್ಕ್ವಾಷ್ ಕೋರ್ಟನ್ನು ಕುಂಬಳಕಾಯಿ ಹೊಲ ಮಾಡಿದರು ಅಂತ ಕತೆ. ಅಂದರೆ ಅಮೆರಿಕದವರು ಕುಂಬಳಕಾಯಿ ಹೊಲದಲ್ಲಿ ರಿಯಾಕ್ಟರ್ ನಡೆಸಿದರು! ಇದು ಬಾಯಿಂದ ಬಾಯಿಗೆ ಬಂದ ಕತೆ, ಮಗು ಪ್ರಾಜೆಕ್ಟಿನಲ್ಲಿ ‘ಕತೆ’ ಅಂತಲೇ ಬರೆಯಲಿ. ನಮ್ಮ ಟ್ರಾಂಬೆಯ ಅಪ್ಸರಾ 1956ರ ಆಗಸ್ಟ್ 4ರಂದು ಚಾಲೂ ಆದದ್ದು. ಅದು ಏಷ್ಯಾದ ಮೊದಲ ರಿಯಾಕ್ಟರ್. ಅದನ್ನು ನೀರಿನ ಕೊಳದೊಳಗೆ ಇಟ್ಟಿದ್ದರು. ಅದಕ್ಕೆ ಯಾವ ಅನುವಾದಕರ ಕಾಟವೂ ತಟ್ಟಲಿಲ್ಲ.

ಕಾಂದಿವಲಿ ಶೆಟ್ರು
ರಾಯರೇ, ಇಡೀ ಚರ್ಚೆಯಲ್ಲಿ ಇದೇ ಬೆಸ್ಟ್.

ಹಿಂಜವಡಿ ಪವನ್
ನನ್ನ ಕೊನೆಯ ಅನುಮಾನ. ಸ್ಪೆಲ್ಲಿಂಗ್ ಒಂದೇ, ಉಚ್ಚಾರ ಒಂದೇ. ಜನ ಬಳಸುವಾಗ ಲ್ಯಾಟಿನ್ ಯಾರಿಗೆ ನೆನಪಿರುತ್ತೆ? ಒಂದೇ ಪದ, ಹಲವು ಅರ್ಥ ಅಂದರೆ ತಪ್ಪೇನು?

ಶ್ರೀಪಾದ ಮಾಸ್ತರ್, ಪುಣೆ
ಬಳಸುವವರಿಗೆ ತಪ್ಪಿಲ್ಲ. ಆದರೆ ನಿಘಂಟು ತೆಗೆದರೆ ತರಕಾರಿಗೆ ಬೇರೆ ನಮೂದು, ಜಜ್ಜುವುದಕ್ಕೆ ಬೇರೆ ನಮೂದು. ಕನ್ನಡದ ‘ಕರಿ’ ತೆಗೆದುಕೋ. ಕರಿ ಮೋಡ ಅನ್ನುತ್ತೇವೆ. ಹಪ್ಪಳ ಕರಿ ಅನ್ನುತ್ತೇವೆ. ಹಳೆಯ ಕಾವ್ಯ ತೆಗೆದರೆ ಕರಿ ಅಂದರೆ ಆನೆ. ಮೊದಲ ಎರಡು ನಮ್ಮ ದ್ರಾವಿಡ ಮನೆಯವು. ಸುಟ್ಟರೆ ಕಪ್ಪಾಗುತ್ತದೆ, ಸಂಬಂಧ ಕಣ್ಣಿಗೇ ಕಾಣುತ್ತದೆ. ಮೂರನೆಯದು ಸಂಸ್ಕೃತ. ‘ಕರ’ ಅಂದರೆ ಕೈ, ಸೊಂಡಿಲೇ ಕೈ ಆದದ್ದು ಕರಿ. ಆನೆ ಕಪ್ಪಗಿದೆ, ಅದಕ್ಕೇ ಕರಿ ಅಂದರು ಅಂತ ಯಾರಾದರೂ ಹೇಳಿದರೆ ಕೇಳೋಕೆ ಚೆನ್ನಾಗಿರುತ್ತದೆ. ಕುಂಬಳ ಮೆತ್ತಗೆ, ಅದಕ್ಕೇ ಸ್ಕ್ವಾಷ್ ಅಂದ ಹಾಗೆ.

ಲ್ಯಾಟಿನ್ ‘ಕ್ವಾಟೆರೆ’ಯ ಮೊಮ್ಮಕ್ಕಳು ಇನ್ನೂ ಇದ್ದಾರೆ. ತಲೆಗೆ ಪೆಟ್ಟು ಬಿದ್ದರೆ ಕನ್‌ಕಷನ್. ತಬಲಾ, ಡ್ರಮ್ಮು ಎಲ್ಲ ಪರ್ಕಷನ್. ಡಿಸ್ಕಷನ್ ಕೂಡ ಅದೇ ಬೇರಿನದು. ಬಡಿದು ಚೂರು ಮಾಡುವುದು ಅಂತ ಅದರ ಮೂಲ ಅರ್ಥ. ನಾವು ಎರಡು ದಿನದಿಂದ ಮಾಡುತ್ತಿರುವುದೂ ಅದನ್ನೇ.

ವಾಸ್ಕೋ ರೇಣುಕಾ
ಒಂದು ಅಡುಗೆಮನೆ ಪ್ರಶ್ನೆ. ಇಲ್ಲಿಯ ಸೂಪರ್ ಮಾರ್ಕೆಟಿನಲ್ಲಿ ಜುಕಿನಿ ಇರುತ್ತದೆ, ಕೆಲವು ಸಲ ಬಟರ್‌ನಟ್ ಸ್ಕ್ವಾಷ್ ಇರುತ್ತದೆ. ಇವೆರಡೂ ಅಮೆರಿಕದ ಸ್ಕ್ವಾಷೇ ಅಲ್ವಾ? ನಮ್ಮ ಸಿಹಿಕುಂಬಳದ ಬದಲು ಹಾಕಬಹುದಾ?

ಡಾ. ಶೈಲಜಾ, ಔಂಧ್
ಎರಡೂ ಹೌದು. ಜುಕಿನಿಯನ್ನು ಎಳೆಯದಾಗಿರುವಾಗಲೇ ಸಿಪ್ಪೆ ಸಮೇತ ತಿನ್ನುವುದು, ಅದಕ್ಕೆ ಬೇಸಿಗೆ ಸ್ಕ್ವಾಷ್ ಅಂತಾರೆ. ಹೆಸರು ಮಾತ್ರ ಇಟಾಲಿಯನ್ನಿನದು. ಬಟರ್‌ನಟ್ ಬಲಿತ ಮೇಲೆ ಕೊಯ್ದು ತಿಂಗಳುಗಟ್ಟಲೆ ಇಡಬಹುದಾದದ್ದು, ಅದು ಚಳಿಗಾಲದ ಸ್ಕ್ವಾಷ್. 1940ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಬೆಳೆಸಿದ ತಳಿ. ಪಲ್ಯಕ್ಕೆ, ಸಾಂಬಾರಿಗೆ ಸಿಹಿಕುಂಬಳದ ಬದಲು ಬಟರ್‌ನಟ್ ಆರಾಮಾಗಿ ಹಾಕಬಹುದು. ಬೆಲೆ ನೋಡಿದರೆ ಹಾಕೋಕೆ ಮನಸ್ಸು ಬರಲ್ಲ, ಅದು ಬೇರೆ.

ಹಸಿಯಾಗಿ ತಿನ್ನುವ ಮಾತು ಬಂತಲ್ಲ, ಅದಕ್ಕೊಂದು ಎಚ್ಚರಿಕೆ ಸೇರಿಸುತ್ತೇನೆ. ಪುಣೆಯಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಸೋರೆಕಾಯಿ ಜ್ಯೂಸ್ ಕುಡಿಯುವವರು ಬಹಳ. ಸೋರೆ, ಕುಂಬಳ, ಜುಕಿನಿ, ಸೌತೆ ಎಲ್ಲ ಒಂದೇ ಸಸ್ಯ ಕುಟುಂಬ. ಈ ಕುಟುಂಬದಲ್ಲಿ ಕುಕುರ್ಬಿಟಾಸಿನ್ ಅನ್ನುವ ಕಹಿ ವಿಷ ಇರುತ್ತದೆ. ಕಾಡು ಜಾತಿಗಳಲ್ಲಿ ಜಾಸ್ತಿ. ಊರಿನಲ್ಲಿ ಬೆಳೆಯುವ ತಳಿಗಳಲ್ಲಿ ಸಾಮಾನ್ಯವಾಗಿ ತೀರಾ ಕಡಿಮೆ, ಆದರೆ ಒಮ್ಮೊಮ್ಮೆ ಒಂದು ಕಾಯಿಯಲ್ಲಿ ಏರಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗಲ್ಲ. ಜ್ಯೂಸ್ ಮಾಡುವ ಮೊದಲು ಒಂದು ಸಣ್ಣ ಚೂರು ನಾಲಿಗೆಗೆ ಮುಟ್ಟಿಸಿ. ಕಹಿ ಇದ್ದರೆ ಉಗಿದು ಇಡೀ ಕಾಯಿ ಬಿಸಾಡಿ. ಬೇಯಿಸಿದರೂ ಆ ಕಹಿ ಹೋಗಲ್ಲ, ಸಕ್ಕರೆ ನಿಂಬೆ ಹಾಕಿ ಮುಚ್ಚಿಟ್ಟು ಕುಡಿಯುವುದಂತೂ ಬೇಡವೇ ಬೇಡ. ಕುಡಿದ ಮೇಲೆ ವಾಂತಿ, ಭೇದಿ ಶುರುವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಕಾಂದಿವಲಿ ಶೆಟ್ರು
ಮೇಡಂ, ಇದನ್ನು ನಮ್ಮ ಅಡುಗೆಯವರ ಗ್ರೂಪಿಗೆ ಹಾಕುತ್ತೇನೆ. ಸೌತೆಕಾಯಿ ತುದಿ ಕತ್ತರಿಸಿ ಉಜ್ಜಿದರೆ ಕಹಿ ಹೋಗುತ್ತದೆ ಅಂತ ನಂಬಿಕೊಂಡು ಕೂತವರು ಅಲ್ಲಿ ಬಹಳ ಇದ್ದಾರೆ.